ಅಲ್ಯುಮಿನಿಯಂ ಮೇಲೆ ಗಟ್ಟಿ ಕ್ರೋಮ್: ಹೊದಿಕೆಯ ಅಡಿಯಲ್ಲಿರುವ ಕೆಲಸ

ಒಂದು ಲೋಹದ ಮೇಲೆ ಇನ್ನೊಂದು ಲೋಹವನ್ನು ವಿದ್ಯುತ್ತಿನ ಬಲದಿಂದ ಏರಿಸುವ ಕೆಲಸವನ್ನು ಕನ್ನಡದ ಪಠ್ಯಪುಸ್ತಕಗಳು ‘ವಿದ್ಯುಲ್ಲೇಪನ’ ಎಂದು ಕರೆಯುತ್ತವೆ. ತಮಿಳಿನಲ್ಲಿ ಅದು ‘ಮಿನ್‌ಮುಲಾಮ್ ಪೂಸುದಲ್’. ಈ ತಮಿಳು ಮಾತಿನ ತುಂಡುಗಳು ಕನ್ನಡ ವಿದ್ಯಾರ್ಥಿಗೆ ಪೂರ್ತಿ ಅಪರಿಚಿತವಲ್ಲ. ‘ಪೂಸು’ ಎಂಬುದು ಹಳಗನ್ನಡದಲ್ಲಿ ಗಂಧ ಮೊದಲಾದವನ್ನು ಬಳಿಯುವುದಕ್ಕೆ ಬಳಕೆಯಾದ ಕ್ರಿಯಾಪದ. ‘ಮುಲಾಮ್’ ಎಂಬುದು ಹೊಳಪು ಎಂಬರ್ಥದ ಅರಬ್ಬಿ ಮೂಲದಿಂದ ಹೊರಟು, ಫಾರಸಿ ಉರ್ದುಗಳ ದಾರಿಯಲ್ಲಿ ದಕ್ಷಿಣಕ್ಕೆ ಬಂದ ಪದ. ಮರಾಠಿಯಲ್ಲಿ ‘ಮುಲಾಮಾ’ ಎಂದರೆ ಇಂದಿಗೂ ಚಿನ್ನ ಬೆಳ್ಳಿಯ ತೆಳುಹೊದಿಕೆ. ಕನ್ನಡದ ಆಡುಮಾತಿನಲ್ಲಿ ‘ಮುಲಾಮು’ ಎಂದರೆ ಗಾಯಕ್ಕೆ ಹಚ್ಚುವ ಔಷಧ; ಲೋಹದ ಹೊದಿಕೆಗೆ ‘ಗಿಲೀಟು’ ಬಂದು ಸೇರಿತು. ಲೇಪನ, ಪೂಸುವಿಕೆ, ಮುಲಾಮು, ಗಿಲೀಟು ಎಂಬ ಈ ಎಲ್ಲ ಮಾತುಗಳ ಹಿಂದಿರುವ ಚಿತ್ರ ಒಂದೇ: ಹೊಳಪಿಗಾಗಿ ಮೇಲಿನಿಂದ ಬಳಿದದ್ದು. ಅಲ್ಯುಮಿನಿಯಂ ಬಿಡಿಭಾಗಗಳಿಗೆ ಗಟ್ಟಿ ಕ್ರೋಮ್ ಏರಿಸುವ ಕಸುಬನ್ನು ಅರಿಯಹೊರಟವರಿಗೆ ಈ ಚಿತ್ರ ಸಾಲದು. ಅಲ್ಲಿ ಕಣ್ಣಿಗೆ ಕಾಣುವ ಹೊದಿಕೆ ಕೊನೆಯ ಹಂತ ಮಾತ್ರ. ಕೆಲಸ ನಿಲ್ಲುವುದೂ ಕೆಡುವುದೂ ಅದರ ಅಡಿಯಲ್ಲಿ.

ಸೀಮೆ ಮತ್ತು ಕಸುಬು

ಈ ಕಸುಬನ್ನು ಅರಿಯಲು ಕೊಯಮತ್ತೂರು ಮತ್ತು ತಿರುಪ್ಪೂರು ಸೀಮೆ ತಕ್ಕ ನೆಲ. ವೆಳ್ಳಿಯಂಗಿರಿ ಬೆಟ್ಟಗಳಲ್ಲಿ ಹುಟ್ಟುವ ನೊಯ್ಯಲ್ ನದಿ ಈ ಎರಡೂ ಊರುಗಳನ್ನು ದಾಟಿ ಕರೂರು ಜಿಲ್ಲೆಯಲ್ಲಿ ಕಾವೇರಿಯನ್ನು ಕೂಡುತ್ತದೆ. 1799ರವರೆಗೆ ಮೈಸೂರಿನ ಆಳ್ವಿಕೆಗೆ ಸೇರಿದ್ದ ಈ ನೆಲದಲ್ಲಿ ಕನ್ನಡವನ್ನು ಮನೆಮಾತಾಗಿ ಉಳಿಸಿಕೊಂಡ ದೇವಾಂಗ ನೇಕಾರ ಮನೆತನಗಳೂ ಒಕ್ಕಲಿಗ ಕುಟುಂಬಗಳೂ ಇಂದಿಗೂ ಇವೆ. 1888ರಲ್ಲಿ ಕೊಯಮತ್ತೂರಿನ ಮೊದಲ ನೂಲಿನ ಗಿರಣಿ ತಲೆಯೆತ್ತಿತು. 1930ರ ದಶಕದ ಆರಂಭದಲ್ಲಿ ನೀಲಗಿರಿಯ ಪೈಕಾರಾ ಜಲವಿದ್ಯುತ್ತು ಬಂದ ಮೇಲೆ ಗಿರಣಿಗಳು ಹೆಚ್ಚಿದವು. ಗಿರಣಿಗಳ ಹಿಂದೆ ಯಂತ್ರ ದುರಸ್ತಿಯ ಅಂಗಡಿಗಳೂ ಎರಕದ ಮನೆಗಳೂ ಬೆಳೆದವು. 1937ರಲ್ಲಿ ಜಿ. ಡಿ. ನಾಯ್ಡು ಮತ್ತು ಡಿ. ಬಾಲಸುಂದರಂ ನಾಯ್ಡು ಅವರ ಪ್ರಯತ್ನದಿಂದ ಸ್ವದೇಶಿ ವಿದ್ಯುತ್ ಮೋಟಾರು ಇಲ್ಲಿ ಸಿದ್ಧವಾಯಿತು. ನೀರೆತ್ತುವ ಪಂಪು, ಹಿಟ್ಟು ರುಬ್ಬುವ ಯಂತ್ರ, ನೂಲುವ ಯಂತ್ರ ಇವೆಲ್ಲ ಊರಿನ ಹೆಸರಿಗೆ ಅಂಟಿಕೊಂಡವು. 2009ರಲ್ಲಿ ಪ್ರತ್ಯೇಕ ಜಿಲ್ಲೆಯಾದ ತಿರುಪ್ಪೂರು ಹೆಣೆದ ಬಟ್ಟೆಗೆ ಲೋಕಪ್ರಸಿದ್ಧ. ಇಷ್ಟು ಯಂತ್ರಗಳು ಸುತ್ತುವ ಕಡೆ ಸವೆದ ಭಾಗಗಳೂ ಅಷ್ಟೇ ಇರುತ್ತವೆ. ಅವನ್ನು ಸವೆಯದಂತೆ ಮಾಡುವ, ಸವೆದದ್ದನ್ನು ಮತ್ತೆ ಅಳತೆಗೆ ತರುವ ಲೇಪನದ ಘಟಕಗಳು ದೊಡ್ಡ ಕಾರ್ಖಾನೆಗಳ ನೆರಳಿನಲ್ಲಿ ‘ಜಾಬ್ ವರ್ಕ್’ ಮಾಡುತ್ತ ಬದುಕುತ್ತವೆ.

ಮೆತ್ತನೆಯ ಲೋಹ, ಗಟ್ಟಿಯಾದ ಲೋಹ

ಬೆಳಗಾವಿ ಸೀಮೆಯ ಅಡುಗೆಮನೆಗಳಲ್ಲಿ ‘ಜರ್ಮನ್ ಪಾತ್ರೆ’ ಎಂದು ಕರೆಸಿಕೊಂಡ ಅಲ್ಯುಮಿನಿಯಂ ಯಂತ್ರಶಿಲ್ಪಿಗೆ ಪ್ರಿಯವಾದದ್ದು ಅದರ ಹಗುರತನದಿಂದ. ಒಂದು ಘನ ಸೆಂಟಿಮೀಟರ್ ಉಕ್ಕು ಸುಮಾರು 7.8 ಗ್ರಾಂ ತೂಗಿದರೆ ಅಷ್ಟೇ ಅಲ್ಯುಮಿನಿಯಂ 2.7 ಗ್ರಾಂ ತೂಗುತ್ತದೆ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ರೋಲರು ಹಗುರವಾಗಿದ್ದರೆ ಅದನ್ನು ತಿರುಗಿಸಲು, ತಡೆಯಲು ಬೇಕಾದ ಶಕ್ತಿ ಕಡಿಮೆ. ಬೇರಿಂಗಿನ ಮೇಲಿನ ಭಾರವೂ ಕಡಿಮೆ. ಉಷ್ಣವನ್ನು ಅದು ಕಬ್ಬಿಣಕ್ಕಿಂತ ಬಹಳ ಬೇಗ ಸಾಗಿಸುತ್ತದೆ. ಆದರೆ ಮೈ ಮೃದು. ನೂಲಿನಂಥ ನೂಲು ಲೋಹವನ್ನು ಕೊರೆಯಬಲ್ಲದೇ ಎಂಬ ಸಂಶಯ ಸಹಜ. ಬಾವಿಕಟ್ಟೆಯ ಕಲ್ಲಿನಲ್ಲಿ ಹಗ್ಗ ಗೆರೆ ಮೂಡಿಸುವುದನ್ನು ಕಂಡವರಿಗೆ ಉತ್ತರ ತಿಳಿದಿದೆ. ಪಾಲಿಯೆಸ್ಟರ್ ಎಳೆಯ ಹೊಳಪನ್ನು ತಗ್ಗಿಸಲು ಅದರೊಳಗೆ ಟೈಟೇನಿಯಂ ಡೈಆಕ್ಸೈಡ್ ಪುಡಿಯನ್ನು ಬೆರೆಸುತ್ತಾರೆ. ಆ ಕಣಗಳನ್ನು ಹೊತ್ತ ನೂಲು ಹಗಲಿರುಳು ಒಂದೇ ಜಾಗದಲ್ಲಿ ಹಾಯ್ದರೆ ಬರಿಯ ಅಲ್ಯುಮಿನಿಯಂ ಮೈಯಲ್ಲಿ ಗೀರು ಬೀಳುತ್ತದೆ. ಗೀರು ಬಿದ್ದ ಮೈ ನೂಲನ್ನು ಹರಿಯುತ್ತದೆ.

ಕ್ರೋಮಿಯಂ ಇದಕ್ಕೆ ಎದುರಾದ ಸ್ವಭಾವದ್ದು. ಫ್ರಾನ್ಸಿನ ವೋಕ್ಲಾಂ 18ನೆಯ ಶತಮಾನದ ಕೊನೆಯಲ್ಲಿ ಇದನ್ನು ಗುರುತಿಸಿದಾಗ, ಅದರ ಸಂಯುಕ್ತಗಳ ಬಣ್ಣಗಳ ವೈವಿಧ್ಯದಿಂದಾಗಿ ಗ್ರೀಕಿನಲ್ಲಿ ‘ವರ್ಣ’ ಎಂಬರ್ಥದ ಪದದಿಂದಲೇ ಹೆಸರು ಬಂದಿತು. ಕರ್ನಾಟಕದಲ್ಲಿ ಹಾಸನ ಜಿಲ್ಲೆಯ ನುಗ್ಗೇಹಳ್ಳಿ ಶಿಲಾಪಟ್ಟಿಯ ಬೈರಾಪುರದಲ್ಲಿ ಇದರ ಅದಿರು ಸಿಕ್ಕಿದೆ. ಲೋಹದ ಗಡಸನ್ನು ಅಳೆಯುವ ವಿಕರ್ಸ್ ಮಾನದಲ್ಲಿ ಸಾಮಾನ್ಯ ಅಲ್ಯುಮಿನಿಯಂ ಮಿಶ್ರಲೋಹಗಳು 60ರಿಂದ 150ರ ಆಸುಪಾಸಿನಲ್ಲಿದ್ದರೆ ಗಟ್ಟಿ ಕ್ರೋಮ್ 800ರಿಂದ 1000ದವರೆಗೆ ಏರುತ್ತದೆ. ಸ್ಕೂಟರಿನ ಹಿಡಿಕೆಯಲ್ಲಿ ಹೊಳೆಯುವ ಅಲಂಕಾರದ ಕ್ರೋಮ್ ಅರ್ಧ ಮೈಕ್ರಾನಿಗೂ ತೆಳು. ಅದು ನಿಕ್ಕಲ್ ಪದರದ ಮೇಲಿನ ಪೊರೆ ಮಾತ್ರ. ಗಟ್ಟಿ ಕ್ರೋಮ್ ಹತ್ತಾರು ಮೈಕ್ರಾನುಗಳಿಂದ ನೂರಾರು ಮೈಕ್ರಾನುಗಳವರೆಗೆ ದಪ್ಪವಿರುತ್ತದೆ. ಒಂದು ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ತಲೆಗೂದಲಿನ ದಪ್ಪ ಸುಮಾರು 70 ಮೈಕ್ರಾನ್. ಹಗುರವಾದ ಒಡಲು, ಗಡಸಾದ ಚರ್ಮ ಎಂಬ ಈ ಕೂಟಕ್ಕಾಗಿಯೇ ನೂಲು ಹಾಯುವ ರೋಲರುಗಳಿಗೂ ಸಣ್ಣ ಎಂಜಿನ್ನುಗಳ ಅಲ್ಯುಮಿನಿಯಂ ಸಿಲಿಂಡರುಗಳ ಒಳಮೈಗೂ ಕ್ರೋಮ್ ಏರಿಸುವ ಪದ್ಧತಿ ಬೆಳೆಯಿತು.

ಕಾಣದ ಪೊರೆ

ಉಕ್ಕಿನ ತುಂಡನ್ನು ಶುದ್ಧಗೊಳಿಸಿ ಕ್ರೋಮಿನ ತೊಟ್ಟಿಗೆ ಇಳಿಸಿದರೆ ಕೆಲಸ ನಡೆಯುತ್ತದೆ. ಅದೇ ಕ್ರಮವನ್ನು ಅಲ್ಯುಮಿನಿಯಮ್ಮಿಗೆ ಅನ್ವಯಿಸಿದರೆ ಹೊದಿಕೆ ಹಪ್ಪಳದಂತೆ ಎದ್ದುಬರುತ್ತದೆ. ಕಾರಣ, ಅಲ್ಯುಮಿನಿಯಂ ಎಂದೂ ಬರಿಮೈಯಲ್ಲಿ ಇರುವುದಿಲ್ಲ. ಗಾಳಿ ಸೋಕಿದ ಗಳಿಗೆಯಲ್ಲೇ ಅದರ ಮೇಲೆ ಆಕ್ಸೈಡಿನ ಪೊರೆ ಕಟ್ಟುತ್ತದೆ. ದಪ್ಪ ಕೆಲವೇ ನ್ಯಾನೊಮೀಟರು, ಅಂದರೆ ಮೈಕ್ರಾನಿನ ನೂರನೆಯ ಒಂದಂಶಕ್ಕೂ ಕಡಿಮೆ. ಉಜ್ಜಿ ತೆಗೆದರೆ ಉಜ್ಜಿದವನ ಕೈ ಹಿಂತೆಗೆಯುವ ಮೊದಲೇ ಮತ್ತೆ ಹುಟ್ಟುತ್ತದೆ. ಅಲ್ಯುಮಿನಿಯಂ 660 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗಿದರೆ ಈ ಪೊರೆಯ ವಸ್ತು ಕರಗಲು 2000 ಡಿಗ್ರಿಗೂ ಮಿಗಿಲಾದ ಶಾಖ ಬೇಕು. ಪಾತ್ರೆಯನ್ನು ಕಾಪಾಡುವುದು ಇದೇ ಪೊರೆ. ಲೇಪನಕ್ಕೆ ಅಡ್ಡ ನಿಲ್ಲುವುದೂ ಇದೇ. ಪೊರೆಯ ಮೇಲೆ ಕುಳಿತ ಕ್ರೋಮ್ ಲೋಹವನ್ನು ಹಿಡಿದಿರುವುದಿಲ್ಲ, ಧೂಳಿನ ಮೇಲೆ ಬಳಿದ ಸುಣ್ಣದಂತೆ ಪೊರೆಯನ್ನಷ್ಟೇ ಹಿಡಿದಿರುತ್ತದೆ.

ಹಿತ್ತಾಳೆಯ ಪಾತ್ರೆಗೆ ಕಲಾಯಿ ಹಾಕುವವರಿಗೆ ಈ ತೊಡಕು ಹೊಸದಲ್ಲ. ಪಾತ್ರೆಯನ್ನು ಕಾಯಿಸಿ ನವಸಾಗರ ಎರಚಿದಾಗ ಏಳುವ ಬಿಳಿಹೊಗೆಯ ಜೊತೆ ಕಿಲುಬಿನ ಪೊರೆ ಕಳಚುತ್ತದೆ. ಆ ಕ್ಷಣದಲ್ಲೇ ತವರವನ್ನು ಅರಳೆಯಿಂದ ಉಜ್ಜಬೇಕು. ತಡಮಾಡಿದರೆ ತವರ ಹಿಡಿಯದು. ಅಲ್ಯುಮಿನಿಯಮ್ಮಿನಲ್ಲಿ ಆ ಕ್ಷಣವೂ ದೊರೆಯುವುದಿಲ್ಲ. ಆದ್ದರಿಂದ ಪೊರೆಯನ್ನು ಕರಗಿಸುವ ಕೆಲಸ ಮತ್ತು ಹೊಸ ಲೋಹವನ್ನು ಕೂರಿಸುವ ಕೆಲಸ ಒಂದೇ ದ್ರಾವಣದಲ್ಲಿ, ಒಂದೇ ಉಸಿರಿನಲ್ಲಿ ನಡೆಯಬೇಕು. ಆ ಉಪಾಯದ ಹೆಸರು ಜಿಂಕೇಟ್.

ಸತುವಿನ ಮಧ್ಯಸ್ಥಿಕೆ

ಮೊದಲು ಎಣ್ಣೆ, ಜಿಡ್ಡು ತೆಗೆಯುತ್ತಾರೆ. ಬಳಿಕ ಕಾಸ್ಟಿಕ್ ಸೋಡಾದ ದ್ರಾವಣ ಮೇಲ್ಮೈಯನ್ನು ತುಸು ತಿನ್ನುತ್ತದೆ. ಮಿಶ್ರಲೋಹದಲ್ಲಿರುವ ತಾಮ್ರ, ಸಿಲಿಕಾನ್ ಮುಂತಾದವು ಕರಗದೆ ಕಪ್ಪು ಮಸಿಯಾಗಿ ಉಳಿಯುತ್ತವೆ. ನೈಟ್ರಿಕ್ ಆಮ್ಲ ತಾಮ್ರದ ಮಸಿಯನ್ನು ತೊಳೆಯುತ್ತದೆ, ಸಿಲಿಕಾನನ್ನು ಮುಟ್ಟದು. ಕೊಯಮತ್ತೂರಿನ ಎರಕದ ಮನೆಗಳಿಗೆ ಪರಿಚಿತವಾದ ಎಲ್.ಎಂ.6 ಮಿಶ್ರಲೋಹದಲ್ಲಿ ಸಿಲಿಕಾನ್ ಶೇಕಡಾ 10ರಿಂದ 13ರಷ್ಟಿರುತ್ತದೆ. ಅಂಥ ಎರಕಕ್ಕೆ ನೈಟ್ರಿಕ್ ಆಮ್ಲದ ಜೊತೆ ಫ್ಲೋರೈಡ್ ಸೇರಿಸಲೇಬೇಕು. ಯಾವ ಮಿಶ್ರಲೋಹವೆಂದು ಕೇಳದೆ ಕೆಲಸ ಒಪ್ಪಿಕೊಂಡವನು ಅಲ್ಲಿಗೇ ಅರ್ಧ ಸೋತಂತೆ.

ಹೀಗೆ ಸಿದ್ಧವಾದ ಭಾಗವನ್ನು ಕಾಸ್ಟಿಕ್ ಸೋಡಾದಲ್ಲಿ ಸತುವಿನ ಆಕ್ಸೈಡ್ ಕರಗಿಸಿದ ಜಿಂಕೇಟ್ ದ್ರಾವಣಕ್ಕೆ ಅದ್ದುತ್ತಾರೆ. ಇಲ್ಲಿ ವಿದ್ಯುತ್ತು ಬೇಡ. ಕ್ಷಾರ ಪೊರೆಯನ್ನು ಕರಗಿಸುತ್ತದೆ; ಬಯಲಾದ ಅಲ್ಯುಮಿನಿಯಂ ಪರಮಾಣುಗಳು ದ್ರಾವಣಕ್ಕೆ ಇಳಿಯುತ್ತಿದ್ದಂತೆ ಅವು ಬಿಟ್ಟುಕೊಟ್ಟ ಎಲೆಕ್ಟ್ರಾನುಗಳನ್ನು ಪಡೆದು ಸತು ಲೋಹವಾಗಿ ಅದೇ ಸ್ಥಳದಲ್ಲಿ ಕೂರುತ್ತದೆ. ಎರಡು ಅಲ್ಯುಮಿನಿಯಂ ಪರಮಾಣುಗಳು ಎದ್ದ ಕಡೆ ಮೂರು ಸತುವಿನ ಪರಮಾಣುಗಳು. ನಡುವೆ ಗಾಳಿಗೆ ತೆರಪಿಲ್ಲ. ಒಂದು ನಿಮಿಷದೊಳಗೆ ಮೈಯೆಲ್ಲ ನೀಲಿ ಬೂದು ಬಣ್ಣಕ್ಕೆ ತಿರುಗುತ್ತದೆ. ಆದರೆ ಈ ಮೊದಲ ಸತುವಿನ ಪದರ ಒರಟು, ಅಸಮ. ಆದ್ದರಿಂದ ಅದನ್ನು ನೈಟ್ರಿಕ್ ಆಮ್ಲದಲ್ಲಿ ಕಳಚಿಹಾಕಿ ಮತ್ತೊಮ್ಮೆ ಜಿಂಕೇಟಿಗೆ ಅದ್ದುತ್ತಾರೆ. ಎರಡನೆಯ ಸಲ ಕೂರುವ ಪದರ ತೆಳ್ಳಗೆ, ಒತ್ತಾಗಿ, ಸಮವಾಗಿ ಇರುತ್ತದೆ. ಮಾಡಿದ್ದನ್ನು ಅಳಿಸಿ ಮತ್ತೆ ಮಾಡುವ ಈ ಹಂತ ಹೊರಗಿನವರಿಗೆ ವ್ಯರ್ಥಶ್ರಮದಂತೆ ಕಾಣಬಹುದು. ಸಮಯ ಉಳಿಸಲೆಂದು ಇದನ್ನು ಬಿಟ್ಟ ಕಡೆಯೇ ಗುಳ್ಳೆಗಳು ಏಳುತ್ತವೆ.

ಸತುವಿನ ಮೇಲೆ ನೇರವಾಗಿ ಕ್ರೋಮ್ ಏರಿಸುವುದು ಅಪಾಯದ ದಾರಿ. ಕ್ರೋಮಿನ ಆಮ್ಲ ಆ ತೆಳುಪದರವನ್ನು ತಿನ್ನುತ್ತದೆ. ಆದ್ದರಿಂದ ನಡುವೆ ತಾಮ್ರದ ತೆಳುಪದರವನ್ನೋ ನಿಕ್ಕಲ್ ಪದರವನ್ನೋ ಇಡುವುದು ವಾಡಿಕೆ. ತಾಮ್ರವನ್ನು ಸಾಮಾನ್ಯವಾಗಿ ಸಯನೈಡ್ ದ್ರಾವಣದಿಂದ ಏರಿಸುತ್ತಾರೆ. ಆ ದ್ರಾವಣಕ್ಕೆ ಆಮ್ಲ ಬೆರೆತರೆ ಪ್ರಾಣಾಂತಕವಾದ ಹೈಡ್ರೊಜನ್ ಸಯನೈಡ್ ಅನಿಲ ಏಳುತ್ತದೆ. ಒಂದು ತೊಟ್ಟಿಯಿಂದ ಇನ್ನೊಂದಕ್ಕೆ ಹೋಗುವಾಗ ನಡುವಣ ನೀರಿನ ತೊಳೆತ ಇದರಿಂದಾಗಿಯೇ ಇಡೀ ಕಸುಬಿನ ಮುಖ್ಯ ಶಿಸ್ತು. ವಿದ್ಯುತ್ತಿಲ್ಲದೆ, 85ರಿಂದ 90 ಡಿಗ್ರಿ ಸೆಲ್ಸಿಯಸ್ ಬಿಸಿಯ ದ್ರಾವಣದಲ್ಲಿ ರಾಸಾಯನಿಕವಾಗಿಯೇ ಕೂರಿಸುವ ನಿಕ್ಕಲ್-ರಂಜಕದ ಪದರ ಇನ್ನೊಂದು ಆಯ್ಕೆ. ಮೂಲೆ, ತೂತು, ತಗ್ಗು ಎನ್ನದೆ ಎಲ್ಲ ಕಡೆ ಅದು ಸಮನಾಗಿ ಬೆಳೆಯುತ್ತದೆ.

ಕ್ರೋಮಿನ ತೊಟ್ಟಿ

ಇಷ್ಟೆಲ್ಲ ಆದ ಮೇಲೆ ಗಾಢ ಕೆಂಪು ಕಂದು ಬಣ್ಣದ ಕ್ರೋಮಿನ ತೊಟ್ಟಿಯ ಸರದಿ. ಲೀಟರಿಗೆ 250 ಗ್ರಾಂ ಕ್ರೋಮಿಕ್ ಆಮ್ಲ, 2.5 ಗ್ರಾಂ ಗಂಧಕಾಮ್ಲ ಎಂಬ ನೂರಕ್ಕೊಂದರ ಪ್ರಮಾಣ ಇಂದಿಗೂ ನಡೆದಿದೆ. ಅಮೆರಿಕದ ಜಾರ್ಜ್ ಸಾರ್ಜೆಂಟ್ 1920ರಲ್ಲಿ ಪ್ರಕಟಿಸಿದ ಅಧ್ಯಯನ ಇದಕ್ಕೆ ತಳಹದಿ. ಅದೇ ದಶಕದಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಕಾಲಿನ್ ಫಿಂಕ್ ಅದನ್ನು ಉದ್ಯಮದ ಹದಕ್ಕೆ ತಂದರು. ಗಂಧಕಾಮ್ಲದ ಆ ಒಂದು ಪಾಲು ಇಲ್ಲದಿದ್ದರೆ ಕ್ರೋಮ್ ಲೋಹವಾಗಿ ಕೂರುವುದೇ ಇಲ್ಲ. ಬಿಸಿ 50ರಿಂದ 55 ಡಿಗ್ರಿ. ಬಿಡಿಭಾಗವನ್ನು ಋಣಾಗ್ರಕ್ಕೂ ಸೀಸದ ಮಿಶ್ರಲೋಹದ ಫಲಕಗಳನ್ನು ಧನಾಗ್ರಕ್ಕೂ ಸೇರಿಸಿ, ಪ್ರತಿ ಚದರ ಡೆಸಿಮೀಟರಿಗೆ 30ರಿಂದ 50 ಆಂಪಿಯರ್ ವಿದ್ಯುತ್ತು ಹರಿಸುತ್ತಾರೆ. ಸೀಸ ಕರಗುವುದಿಲ್ಲ; ಕೂರುವ ಕ್ರೋಮೆಲ್ಲ ದ್ರಾವಣದಿಂದಲೇ ಬರಬೇಕು.

ಇಷ್ಟು ವಿದ್ಯುತ್ತಿನಲ್ಲಿ ಲೋಹ ಕೂರಿಸಲು ವೆಚ್ಚವಾಗುವುದು ಶೇಕಡಾ 10ರಿಂದ 20 ಮಾತ್ರ. ಉಳಿದದ್ದರಲ್ಲಿ ಬಹುಪಾಲು ನೀರನ್ನು ಒಡೆದು ಹೈಡ್ರೊಜನ್ ಗುಳ್ಳೆಗಳನ್ನು ಎಬ್ಬಿಸುತ್ತದೆ. ಫ್ಯಾರಡೆಯ ನಿಯಮದಂತೆ ಲೆಕ್ಕ ಹಾಕಿದರೆ, 40 ಆಂಪಿಯರ್ ಮತ್ತು ಶೇಕಡಾ 15ರ ಫಲದಲ್ಲಿ ಗಂಟೆಗೆ ಸುಮಾರು 27 ಮೈಕ್ರಾನ್ ಕ್ರೋಮ್ ಬೆಳೆಯುತ್ತದೆ. 50 ಮೈಕ್ರಾನಿಗೆ ಹತ್ತಿರಹತ್ತಿರ ಎರಡು ಗಂಟೆ. ಅದೂ ಸಮವಾಗಿ ಬೆಳೆಯುವುದಿಲ್ಲ. ಅಂಚು, ಮೂಲೆಗಳಲ್ಲಿ ಗಂಟುಕಟ್ಟುತ್ತದೆ. ತಗ್ಗಿನಲ್ಲಿ ಬೆಳೆಯಲು ಹಿಂಜರಿಯುತ್ತದೆ. ಆದ್ದರಿಂದ ಭಾಗದ ಆಕಾರಕ್ಕೆ ಒಪ್ಪುವ ಧನಾಗ್ರವನ್ನು ಕಟ್ಟಿಕೊಳ್ಳುವುದು, ಕ್ರೋಮ್ ಬೇಡವಾದ ಕಡೆ ಮೇಣ ಇಲ್ಲವೇ ಟೇಪು ಮುಚ್ಚುವುದು, ಕೊನೆಗೆ ಸಾಣೆ ಹಿಡಿದು ಅಳತೆಗೆ ತರುವುದು ಇವೆಲ್ಲ ಕೈಪಳಗಿದವರ ಕೆಲಸ.

ಒಂದಾಗಿಯೂ ಬೇರೆಯಾದ ಎರಡು

ಕೂಡಿಸಿದ ಮಾತ್ರಕ್ಕೆ ಎರಡು ಲೋಹಗಳ ಸ್ವಭಾವ ಒಂದಾಗುವುದಿಲ್ಲ. 100 ಮಿಲಿಮೀಟರ್ ಉದ್ದದ ಅಲ್ಯುಮಿನಿಯಂ 100 ಡಿಗ್ರಿಯಷ್ಟು ಬಿಸಿಯೇರಿದರೆ ಸುಮಾರು 0.23 ಮಿಲಿಮೀಟರ್ ಹಿಗ್ಗುತ್ತದೆ. ಕ್ರೋಮಿನ ಹಿಗ್ಗು ಅದರ ಮೂರನೆಯ ಒಂದಂಶಕ್ಕೂ ಕಡಿಮೆ. ಈ ಎಳೆದಾಟವನ್ನು ತಾಳಿಕೊಳ್ಳಬೇಕಾದದ್ದು ಮೈಕ್ರಾನಿಗೂ ತೆಳುವಾದ ಆ ಸತುವಿನ ಸಂಧಿ. ಇನ್ನೊಂದು ತೊಡಕು ಒತ್ತಡದ್ದು. ಹಾಸಿಗೆಯ ಮೇಲೆ ಗಾಜಿನ ಹಾಳೆ ಇಟ್ಟು ಬೆರಳಿನಿಂದ ಒತ್ತಿದರೆ ಬಿರಿಯುವುದು ಗಾಜು. ತಪ್ಪು ಗಾಜಿನದಲ್ಲ, ಕೆಳಗಿನ ಮೆತ್ತಗಿನದು. ಮೃದುವಾದ ಅಲ್ಯುಮಿನಿಯಂ ತಗ್ಗಿದರೆ ಅದರ ಮೇಲಿನ ಕ್ರೋಮ್ ಮೊಟ್ಟೆಯ ಚಿಪ್ಪಿನಂತೆ ಒಡೆಯುತ್ತದೆ. ನಡುವೆ ದಪ್ಪವಾದ ನಿಕ್ಕಲ್ ಪದರ ಇದ್ದರೆ ಅದು ಆಸರೆಯಾಗಿ ನಿಲ್ಲುತ್ತದೆ. ಗಟ್ಟಿ ಕ್ರೋಮ್ ಹುಟ್ಟುವಾಗಲೇ ಕಣ್ಣಿಗೆ ಕಾಣದ ಸಾವಿರಾರು ಬಿರುಕುಗಳ ಜಾಲವನ್ನು ಹೊತ್ತಿರುತ್ತದೆ. ತೇವ ಅವುಗಳ ಮೂಲಕ ಒಳಗಿಳಿದು ಅಲ್ಯುಮಿನಿಯಮ್ಮನ್ನು ತಿನ್ನದಂತೆ ತಡೆಯುವುದೂ ನಿಕ್ಕಲ್ ಪದರವೇ.

ಬೆಸುಗೆಯನ್ನು ಪರೀಕ್ಷಿಸುವ ಸರಳ ವಿಧಾನವೂ ಇದೇ ತತ್ತ್ವದ ಮೇಲೆ ನಿಂತಿದೆ: ಭಾಗವನ್ನು ಕಾಯಿಸಿ ಥಟ್ಟನೆ ತಣ್ಣೀರಿಗೆ ಅದ್ದಿದರೆ ದುರ್ಬಲವಾದ ಕಡೆ ಗುಳ್ಳೆ ಏಳುತ್ತದೆ. ಗುಳ್ಳೆ ಎದ್ದರೆ ತಿದ್ದುವುದು ಸುಲಭವಲ್ಲ. ಉಕ್ಕಿನ ಮೇಲಿನ ಕೆಟ್ಟ ಕ್ರೋಮನ್ನು ಕಾಸ್ಟಿಕ್ ಸೋಡಾದಲ್ಲಿ ವಿದ್ಯುತ್ತನ್ನು ತಿರುಗುಮುರುಗು ಮಾಡಿ ಕಳಚಬಹುದು. ಅದೇ ಸೋಡಾ ಅಲ್ಯುಮಿನಿಯಂ ಭಾಗವನ್ನೇ ತಿಂದುಹಾಕುತ್ತದೆ. ಕೂಲಿಗೆ ಕೆಲಸ ಮಾಡುವ ಸಣ್ಣ ಘಟಕ ಕೆಲವೊಮ್ಮೆ ತನ್ನ ಕೂಲಿಯ ಜೊತೆಗೆ ಗಿರಾಕಿಯ ಭಾಗದ ಬೆಲೆಯನ್ನೂ ತೆರಬೇಕಾಗುವುದು ಹೀಗೆ.

ನೀರಿಗೂ ಉಸಿರಿಗೂ ಬೀಳುವ ಬೆಲೆ

ತೊಟ್ಟಿಯಲ್ಲಿ ಏಳುವ ಹೈಡ್ರೊಜನ್ ಗುಳ್ಳೆಗಳು ಮೇಲ್ಮೈಯಲ್ಲಿ ಒಡೆಯುವಾಗ ಕ್ರೋಮಿಕ್ ಆಮ್ಲದ ಸೂಕ್ಷ್ಮ ತುಂತುರನ್ನು ಗಾಳಿಗೆ ಚಿಮ್ಮುತ್ತವೆ. ಅದರಲ್ಲಿರುವುದು ಆರು ವೇಲೆನ್ಸಿಯ ಕ್ರೋಮಿಯಂ. ಚರ್ಮಕ್ಕೆ ತಾಗಿದರೆ ಮಾಯಲು ತಡವಾಗುವ ಆಳವಾದ ಹುಣ್ಣು. ಹಲವು ಕಾಲ ಉಸಿರಾಡಿದರೆ ಮೂಗಿನ ನಡುಗೋಡೆಯಲ್ಲಿ ತೂತು. ಶ್ವಾಸಕೋಶದ ಕ್ಯಾನ್ಸರಿಗೂ ಅದು ಕಾರಣವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಖಚಿತವಾಗಿ ವರ್ಗೀಕರಿಸಿದೆ. ಗಾಳಿಯನ್ನು ಹೀರಿ ತೊಳೆಯುವ ವ್ಯವಸ್ಥೆ, ದ್ರಾವಣದ ಮೇಲೆ ತೇಲುವ ಪ್ಲಾಸ್ಟಿಕ್ ಗುಂಡುಗಳು, ಕೈಗವಸು, ಮುಖಕವಚ ಇವು ಇದ್ದರೆ ಈ ಹಾನಿಯ ಬಹುಭಾಗವನ್ನು ತಪ್ಪಿಸಬಹುದು. ಇಲ್ಲದಿದ್ದರೆ ಯಂತ್ರದ ಸವೆತವನ್ನು ತಡೆಯುವ ಕೆಲಸ ಮನುಷ್ಯನನ್ನು ಸವೆಸುತ್ತದೆ.

ತೊಳೆದ ನೀರಿನ ಕಥೆಯೂ ಅಷ್ಟೇ ಗಂಭೀರ. ಕುಡಿಯುವ ನೀರಿನಲ್ಲಿ ಕ್ರೋಮಿಯಂ ಲೀಟರಿಗೆ 0.05 ಮಿಲಿಗ್ರಾಮನ್ನು ಮೀರಬಾರದೆಂಬುದು ಭಾರತೀಯ ಮಾನಕ. ಕ್ರೋಮಿನ ತೊಟ್ಟಿಯ ಒಂದು ಲೀಟರಿನಲ್ಲಿ ಸುಮಾರು 130 ಗ್ರಾಂ ಕ್ರೋಮಿಯಂ ಇರುತ್ತದೆ. ಅದನ್ನು ಬರಿಯ ನೀರು ಬೆರೆಸಿಯೇ ಆ ಮಿತಿಗೆ ಇಳಿಸಬೇಕಾದರೆ 26 ಲಕ್ಷ ಲೀಟರ್ ನೀರು ಬೇಕು. ಆದ್ದರಿಂದ ಬೆರೆಸಿ ಬಿಡುವುದು ಪರಿಹಾರವಲ್ಲ. ಆಮ್ಲೀಯ ಸ್ಥಿತಿಯಲ್ಲಿ ಸೋಡಿಯಂ ಬೈಸಲ್ಫೈಟ್ ಹಾಕಿದರೆ ಆರು ವೇಲೆನ್ಸಿಯ ಕ್ರೋಮಿಯಂ ಮೂರು ವೇಲೆನ್ಸಿಗೆ ಇಳಿದು ನೀರು ಹಸಿರಾಗುತ್ತದೆ. ಬಳಿಕ ಸುಣ್ಣ ಹಾಕಿದರೆ ಅದು ಕೆಸರಾಗಿ ತಳಕ್ಕೆ ಕೂರುತ್ತದೆ. ಆ ಕೆಸರನ್ನೂ ಕಂಡಕಂಡಲ್ಲಿ ಸುರಿಯುವಂತಿಲ್ಲ. ನೊಯ್ಯಲ್ ಸೀಮೆ ಈ ಪಾಠವನ್ನು ಬಣ್ಣದ ಕೈಗಾರಿಕೆಯ ಮೂಲಕ ಕಲಿತಿದೆ. 1992ರಲ್ಲಿ ನೀರಾವರಿಗೆಂದು ಮುಗಿಸಿದ ಒರತ್ತುಪ್ಪಾಳೆಯಂ ಅಣೆಕಟ್ಟು ತಿರುಪ್ಪೂರಿನ ಬಣ್ಣದ ನೀರಿನ ಕೊಳವಾಯಿತು. 2011ರ ಜನವರಿಯಲ್ಲಿ ಮದರಾಸು ಉಚ್ಚ ನ್ಯಾಯಾಲಯ ಶುದ್ಧೀಕರಣದ ನಿಯಮ ಪಾಲಿಸದ ಬಣ್ಣದ ಘಟಕಗಳನ್ನು ಮುಚ್ಚಿಸಿತು. ಲೇಪನದ ತೊಟ್ಟಿ ಬಣ್ಣದ ತೊಟ್ಟಿಗಿಂತ ಚಿಕ್ಕದು. ಅದರ ವಿಷ ಚಿಕ್ಕದಲ್ಲ.

ಬದಲಿ ದಾರಿಗಳೂ ಇವೆ. ಸೊನ್ನೆ ಡಿಗ್ರಿಯ ಆಸುಪಾಸಿನ ಗಂಧಕಾಮ್ಲದಲ್ಲಿ ಅಲ್ಯುಮಿನಿಯಮ್ಮನ್ನೇ ಧನಾಗ್ರವಾಗಿಸಿ, ಅದರ ಆಕ್ಸೈಡ್ ಪೊರೆಯನ್ನು 25ರಿಂದ 50 ಮೈಕ್ರಾನ್‌ವರೆಗೆ ದಪ್ಪವಾಗಿ ಬೆಳೆಸುವ ಗಟ್ಟಿ ಆನೊಡೈಸಿಂಗ್ ಅವುಗಳಲ್ಲಿ ಮುಖ್ಯ. ಅಲ್ಲಿ ಅಡ್ಡಿಯಾಗಿದ್ದ ಪೊರೆಯೇ ಕವಚವಾಗುತ್ತದೆ. ನೂಲು ಹಾಯುವ ಎಷ್ಟೋ ಭಾಗಗಳಿಗೆ ಇಷ್ಟೇ ಸಾಕು. ಇದರ ಗಡಸು ಕ್ರೋಮಿಗಿಂತ ಕಡಿಮೆ; ಲೋಹದ ಮೇಲೆ ಲೋಹ ಜಾರುವ ಕಡೆ ಕ್ರೋಮಿನ ನಯವೂ ಇದಕ್ಕಿಲ್ಲ. ಯುರೋಪಿನ ಒಕ್ಕೂಟ 2017ರ ಸೆಪ್ಟೆಂಬರಿನಿಂದ ಕ್ರೋಮಿಕ್ ಆಮ್ಲದ ಮೂಲವಸ್ತುವಾದ ಕ್ರೋಮಿಯಂ ಟ್ರೈಆಕ್ಸೈಡಿನ ಬಳಕೆಗೆ ವಿಶೇಷ ಅನುಮತಿಯನ್ನು ಕಡ್ಡಾಯಗೊಳಿಸಿದೆ. ಮೂರು ವೇಲೆನ್ಸಿಯ ಕ್ರೋಮಿಯಂ ದ್ರಾವಣದಿಂದಲೇ ದಪ್ಪ ಪದರ ಏರಿಸುವ ಪ್ರಯತ್ನಗಳು ನಡೆದಿವೆ. ತಮಿಳುನಾಡಿನಲ್ಲೇ, ಕಾರೈಕುಡಿಯಲ್ಲಿ, 1953ರಲ್ಲಿ ಉದ್ಘಾಟನೆಗೊಂಡ ಕೇಂದ್ರೀಯ ವಿದ್ಯುದ್ರಾಸಾಯನಿಕ ಸಂಶೋಧನಾ ಸಂಸ್ಥೆ ಇಂಥ ಪ್ರಶ್ನೆಗಳಿಗೆಂದೇ ಇರುವ ವಿದ್ಯಾಕೇಂದ್ರ.

ಭಾಷೆಯ ವಿದ್ಯಾರ್ಥಿಗೆ ಈ ಕಸುಬಿನಿಂದ ದೊರೆಯುವುದು ಪದದ ಬಗೆಗಿನ ಒಂದು ಎಚ್ಚರ. ‘ಲೇಪನ’ವೆಂಬ ಮಾತು ಕೊನೆಯ ಎರಡು ಗಂಟೆಯನ್ನಷ್ಟೇ ಹೇಳುತ್ತದೆ. ಅದಕ್ಕೆ ಮೊದಲಿನ ತೊಳೆತ, ಎರಡು ಸಲದ ಸತು, ನಿಕ್ಕಲ್ಲಿನ ಆಸರೆ, ಅದರ ನಂತರದ ನೀರಿನ ಶುದ್ಧಿ ಇವು ಯಾವುವೂ ಆ ಪದದೊಳಗೆ ಬರುವುದಿಲ್ಲ. ಗಿರಾಕಿ ತೆರುವ ಬೆಲೆಯಲ್ಲಿಯೂ ಹಲವು ಸಲ ಬರುವುದಿಲ್ಲ. ಕಲಾಯಿಯವನ ಕಸುಬಿನಲ್ಲಿ ನವಸಾಗರಕ್ಕೆ ಸಲ್ಲುವ ಗೌರವ ಈ ಕಸುಬಿನಲ್ಲಿ ಜಿಂಕೇಟಿಗೆ ಸಲ್ಲಬೇಕು. ಪರಿಭಾಷೆ ಕಟ್ಟಹೊರಟ ಕನ್ನಡದ ವಿದ್ಯಾರ್ಥಿಗಳು ಮೊದಲು ಹೆಸರು ಹುಡುಕಬೇಕಾದದ್ದು ಹೊಳೆಯುವ ಕ್ರೋಮಿಗಲ್ಲ, ಅದರ ಕೆಳಗೆ ಯಾರ ಕಣ್ಣಿಗೂ ಬೀಳದೆ ಎರಡನ್ನೂ ಹಿಡಿದು ನಿಂತಿರುವ ಆ ನಡುಪದರಕ್ಕೆ.